ಕಾಯಿಲ್ ಸುತ್ತುವ ಕುಮುದಕ್ಕ

ಕುಮುದಕ್ಕ ಜೀವಮಾನದಲ್ಲಿ ಒಂದು ಸಲವೂ ಸಿಗರೇಟು ಬಾಯಿಗಿಟ್ಟವರಲ್ಲ. ಪಕ್ಕದಲ್ಲಿ ಯಾರಾದರೂ ಸೇದಿದರೆ ದುಪಟ್ಟಾ ಮೂಗಿಗೆ ಒತ್ತಿಕೊಂಡು ಎದ್ದುಹೋಗುವವರು. ಅಂಥವರು ಐವತ್ತಾರನೆಯ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಪೀಡ್ರೊದಲ್ಲಿ, ಇ-ಸಿಗರೇಟು ಮಾರುವ ವೇಪ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದರು ಎಂದಾಗ ಸೆರಿಟೋಸ್‌ನ ನಮ್ಮ ಕನ್ನಡದವರು ಯಾರೂ ನಂಬಲಿಲ್ಲ. ನಾನು ನಂಬಿದೆ. ಅದು ಶುರುವಾದದ್ದು ನನ್ನ ಕಣ್ಣೆದುರಿಗೇ.

2021ರ ಬೇಸಿಗೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ ಅಷ್ಟೆ. ಕರಿಬೇವು ಕೇಳೋಣವೆಂದು ಹಿಂಬಾಗಿಲಿನಿಂದ ಹೋದೆ. ಕುಮುದಕ್ಕ ಸಿಂಕ್ ಮುಂದೆ ನಿಂತು ಗಂಡನ ಬಿಳಿ ಅಂಗಿ ತಿಕ್ಕುತ್ತಿದ್ದರು. ಜೇಬಿನ ಕೆಳಗೆ ಅಂಗೈಯಗಲ ಕಲೆ. ಅಡುಗೆಮನೆ ತುಂಬ ಮಾವಿನಹಣ್ಣಿನ ವಾಸನೆ.

"ಈ ತಿಂಗಳದಾಗ ಇದು ಮೂರನೇ ಅಂಗಿ ನೋಡ್ರಿ," ಎಂದು ನನ್ನ ಮುಂದೆ ಹಿಡಿದರು. ಆಮೇಲೆ ಹಾಲಿನ ಕಡೆ ತಿರುಗಿ ಕೂಗಿದರು, "ರೀ, ಇಲ್ಲಿ ಬರ್ರಿ. ಏನಿದು?"

ಬಸವಪ್ರಸಾದ್ ಅವರು ತಪ್ಪು ಮಾಡಿದ ಮುಖ ಹೊತ್ತು ಬಂದರು. ಅವರದು ಬಂದರಿನ ಕಚೇರಿಯಲ್ಲಿ ಹಡಗುಗಳ ಸರದಿ ಗೊತ್ತುಮಾಡುವ ಕೆಲಸ. ಆ ವರ್ಷ ಸಮುದ್ರದಲ್ಲಿ ಹಡಗುಗಳು ಸಾಲುಗಟ್ಟಿ ವಾರಗಟ್ಟಲೆ ಕಾಯುತ್ತಿದ್ದವು. ಇವರ ಫೋನು ಸುಮ್ಮನಿರುತ್ತಲೇ ಇರಲಿಲ್ಲ. ಕಾಲೇಜಿನಿಂದಲೂ ಸಿಗರೇಟಿನ ಚಟ. ಹಿಂದಿನ ವರ್ಷ ಡಾಕ್ಟರ್ ಗದರಿಸಿ "ಎಲ್ಲಾ ಬಿಡಿ" ಎಂದಿದ್ದರು. ಇವರು ಅರ್ಧ ಮಾತು ಕೇಳಿ, ಸಿಗರೇಟು ಬಿಟ್ಟು, ದ್ರವವನ್ನು ಬ್ಯಾಟರಿಯಿಂದ ಕಾಯಿಸಿ ಆವಿ ಎಳೆಯುವ ವೇಪ್ ಹಿಡಿದಿದ್ದರು. ಅದೂ ಬಳಸಿ ಎಸೆಯುವ ಜಾತಿಯದಲ್ಲ. ಒಳಗಿನ ತಂತಿ, ಹತ್ತಿ ಎಲ್ಲವನ್ನೂ ನಾವೇ ಬಿಚ್ಚಿ ಹೊಸದಾಗಿ ಕಟ್ಟಿಕೊಳ್ಳುವ ಜಾತಿ. ಸಹೋದ್ಯೋಗಿಯೊಬ್ಬ ಕೊಟ್ಟದ್ದು. ಕಟ್ಟುವುದು ಹೇಗೆಂದು ಮಾತ್ರ ಅವನು ಸರಿಯಾಗಿ ಹೇಳಿಕೊಟ್ಟಿರಲಿಲ್ಲ.

"ನಾ ಏನ್ ಮಾಡ್ಲಿ? ಅದು ಸೋರತೈತಿ," ಎಂದರು ಬಸವಪ್ರಸಾದ್.

"ಎಲ್ಲಿಂದ ಸೋರತೈತಿ?"

"ಕೆಳಗಿಂದ."

"ಕೆಳಗ ಅಂದ್ರ ಎಲ್ಲಿ?"

ಬಸವಪ್ರಸಾದ್ ಜೇಬಿನಿಂದ ಅದನ್ನು ತೆಗೆದು ತಿರುಗಿಸಿ ನೋಡಿದರು. ಕುಮುದಕ್ಕ ಕೈ ಒರೆಸಿಕೊಂಡು, "ತರ್ರಿ ಇಲ್ಲಿ," ಎಂದರು. ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ದ್ರವ ತುಂಬುವ, ಹೆಬ್ಬೆರಳಿನ ಗಾತ್ರದ ಗಾಜಿನ ಟ್ಯಾಂಕನ್ನು ಬ್ಯಾಟರಿಯ ಪೆಟ್ಟಿಗೆಯಿಂದ ತಿರುಗಿಸಿ ಬಿಡಿಸಿದರು. ಬುಡದ ತಟ್ಟೆ ಬಿಚ್ಚಿಕೊಂಡಿತು. ಎರಡು ಪುಟ್ಟ ಕಂಬಗಳ ನಡುವೆ ಸುರುಳಿ ಸುತ್ತಿದ ಸಣ್ಣ ತಂತಿ, ಅಂದರೆ ಕಾಯಿಲ್, ಅದರೊಳಗೆ ತೂರಿಸಿದ ಕಪ್ಪಗಾದ ಹತ್ತಿ. ಕುಮುದಕ್ಕನ ಮುಖ ಒಮ್ಮೆಲೇ ಅರಳಿತು.

"ಅಯ್ಯ, ಇದು ವೈಂಡಿಂಗ್ ಅಲ್ರೀ!"

ಅವರ ತಂದೆ ಚಂದ್ರಪ್ಪನವರಿಗೆ ಹುಬ್ಬಳ್ಳಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇತ್ತಂತೆ. ಸುಟ್ಟುಹೋದ ಫ್ಯಾನು, ನೀರಿನ ಪಂಪು, ಹಿಟ್ಟಿನ ಗಿರಣಿಯ ಮೋಟರು ಎಲ್ಲ ಅಲ್ಲಿಗೆ ಬರುತ್ತಿದ್ದವು. ಐದನೆಯ ತರಗತಿಯಿಂದ ಮದುವೆಯಾಗುವವರೆಗೆ ಶಾಲೆ, ಕಾಲೇಜು ಮುಗಿದ ಮೇಲೆ ಕುಮುದಕ್ಕ ಅಲ್ಲಿ ಕೂತು ತಾಮ್ರದ ತಂತಿ ಸುತ್ತಿದವರು. ಮದುವೆಯಾಗಿ ಅಮೆರಿಕಕ್ಕೆ ಬಂದ ಮೇಲೆ ಕೆಲಸ ಮಾಡಲು ಪರವಾನಗಿ ಇರಲಿಲ್ಲ. ಪರವಾನಗಿ ಬರುವ ಹೊತ್ತಿಗೆ ಮಗಳು ವೈಷ್ಣವಿ ಹುಟ್ಟಿದ್ದಳು. ಆಮೇಲೆ ಅತ್ತೆಯವರ ಕಾಯಿಲೆ. ಇಷ್ಟನ್ನೂ ಅವರು ನನಗೆ ಮೊದಲ ಬಾರಿ ಹೇಳಿದ್ದು ಅಂದು, ಆ ಟ್ಯಾಂಕನ್ನು ಬೆಳಕಿಗೆ ಹಿಡಿದು ತಿರುಗಿಸುತ್ತ. ಹತ್ತು ವರ್ಷ ಪಕ್ಕದ ಮನೆಯಲ್ಲಿದ್ದೂ ನನಗೆ ಗೊತ್ತೇ ಇರಲಿಲ್ಲ.

ಅವರು ರಿಪೇರಿಗೆ ಕೂತ ರೀತಿ ನೋಡಿ ನಾನು ಕರಿಬೇವು ಮರೆತು ಅಲ್ಲೇ ಕೂತೆ. ಮೊದಲು ಎಲ್ಲವನ್ನೂ ಒರೆಸಿ, ಮತ್ತೆ ಜೋಡಿಸಿ, ಜ್ಯೂಸ್ ತುಂಬಿದರು. ಒಳಗೆ ತುಂಬುವ ಆ ಅಂಟು ದ್ರವಕ್ಕೆ ಎಲ್ಲರೂ ಜ್ಯೂಸ್ ಅಂತಲೇ ಅನ್ನುವುದು. ಆಮೇಲೆ ಟಿಶ್ಯೂ ಕಾಗದ ಸೀಳಿ ಮೂರು ಪಟ್ಟಿ ಮಾಡಿ, ಮೇಲಿನ ಮುಚ್ಚಳಕ್ಕೊಂದು, ಗಾಜಿನ ಕೆಳ ಅಂಚಿಗೊಂದು, ಬುಡದ ಗಾಳಿಯ ತೂತುಗಳಿಗೊಂದು ಸುತ್ತಿದರು.

"ಅಕ್ಕಾ, ಬಿಚ್ಚಿದ್ದನ್ನ ಸರಿ ಮಾಡೋದು ಬಿಟ್ಟು ಇದೇನು ಕಾಗದ ಸುತ್ತುತಿದೀರ?" ಎಂದೆ.

"ಎಲ್ಲಿ ಸೋರತೈತಿ ಅಂತ ಗೊತ್ತಾಗದ ರಿಪೇರಿಗೆ ಕೈಹಾಕಿದ್ರ ನಮ್ಮಪ್ಪ ಕೈಮ್ಯಾಲ ಹೊಡೀತಿದ್ದ. ಚಾ ಕುಡೀರಿ, ಅಷ್ಟರಾಗ ಅದ ಹೇಳತೈತಿ."

ಚಹಾ ಮುಗಿಯುವಷ್ಟರಲ್ಲಿ ಅದು ಹೇಳಿತು. ಮೇಲಿನ ಕಾಗದ ಒಣಗೇ ಇತ್ತು. ಗಾಜಿನ ಅಂಚಿನದು ಕೊಂಚ ಒದ್ದೆ. ಗಾಳಿಯ ತೂತಿನದು ತೊಯ್ದು ತೊಪ್ಪೆ. ಆಗ ಬಿಚ್ಚಿದರು. ಗಾಜಿನ ಕೆಳಗಿನ ರಬ್ಬರ್ ರಿಂಗು ಒಂದು ಕಡೆ ತಿರುಚಿ ಸಿಕ್ಕಿಕೊಂಡಿತ್ತು. ಹತ್ತಿಯ ಎರಡು ತುದಿಗಳನ್ನು ಬಸವಪ್ರಸಾದ್ ತೀರ ಗಿಡ್ಡ ಕತ್ತರಿಸಿದ್ದರು; ಜ್ಯೂಸ್ ಇಳಿಯುವ ಕಿಂಡಿಗಳನ್ನು ಅವು ಮುಚ್ಚುತ್ತಲೇ ಇರಲಿಲ್ಲ, ಹಾಗಾಗಿ ದ್ರವ ತಡೆಯಿಲ್ಲದೆ ಇಳಿದು ಗಾಳಿಯ ತೂತಿನಿಂದ ಹೊರಬೀಳುತ್ತಿತ್ತು.

"ತುಂಬುವಾಗ ಈ ಗಾಳಿ ತೂತು ಮುಚ್ಚತೀರೇನ್ರಿ?"

"ಮುಚ್ಚಬೇಕೇನು?"

ಕುಮುದಕ್ಕ ಹಣೆ ಬಡಿದುಕೊಂಡರು. ಲೋಟದ ನೀರಿಗೆ ಸ್ಟ್ರಾ ಅದ್ದಿ, ಮೇಲ್ತುದಿಗೆ ಬೆರಳಿಟ್ಟು ಎತ್ತಿದರು. ನೀರು ಸ್ಟ್ರಾದಲ್ಲೇ ನಿಂತಿತು. ಬೆರಳು ತೆಗೆದರು, ಸುರಿದುಹೋಯಿತು. "ಇಷ್ಟ ನೋಡ್ರಿ. ಮ್ಯಾಲಿನ ಮುಚ್ಚಳ ತೆಗೆದಾಗ ಒಳಗ ಗಾಳಿ ನುಗ್ಗತೈತಿ, ಕೆಳಗ ದಾರಿ ತೆಗೆದಿದ್ರ ಜ್ಯೂಸು ಇಳೀತೈತಿ."

ಮೊದಲ ಪ್ರಯತ್ನ ಕೆಟ್ಟಿತು. ಸೋರಬಾರದೆಂದು ಹತ್ತಿಯನ್ನು ಗಿಡಿದು ತುಂಬಿದರು. ಬಸವಪ್ರಸಾದ್ ಒಂದು ಸಲ ಎಳೆದವರೇ ಸುಟ್ಟ ಬಟ್ಟೆ ತಿಂದವರಂತೆ ಕೆಮ್ಮಿ ಅಂಗಳಕ್ಕೆ ಓಡಿದರು. ಎರಡನೆಯ ಸಲ ಹತ್ತಿ ಕಡಿಮೆಯಾಗಿ ಸೋಫಾದ ದಿಂಬು ಹಾಳಾಯಿತು. ಮೂರನೆಯ ದಿನ ಹತ್ತಿಯ ತುದಿಗಳನ್ನು ಸೂಜಿಯಿಂದ ಬಾಚಿ, ಮೆದು ಮಾಡಿ, ಕಿಂಡಿಯಲ್ಲಿ ಸುಮ್ಮನೆ ಕೂರುವಷ್ಟೇ ಇಟ್ಟರು. ರಿಂಗಿಗೆ ಒಂದು ಹನಿ ಜ್ಯೂಸನ್ನೇ ಸವರಿ ನೇರವಾಗಿ ಕೂರಿಸಿದರು. ಬೆಳಿಗ್ಗೆ ಬಿಳಿ ಕಾಗದದ ಮೇಲೆ ಅಡ್ಡಡ್ಡ ಮಲಗಿಸಿಟ್ಟರು. ಸಂಜೆ ನನ್ನನ್ನು ಬೇಲಿಯ ಆಚೆಯಿಂದಲೇ ಕೂಗಿದರು, "ಬರ್ರಿ, ಬರ್ರಿ, ಕಾಗದ ನೋಡ್ರಿ!" ಕಾಗದ ಅಂಗಡಿಯಿಂದ ತಂದಂತೆಯೇ ಇತ್ತು. ಆ ಖುಷಿಗೆ ಅಂದು ನಮ್ಮ ಮನೆಗೂ ಹೋಳಿಗೆ ಬಂತು.

ಬಸವಪ್ರಸಾದರ ಬಾಯಿ ಸುಮ್ಮನಿರುವುದಲ್ಲ. ಬಂದರಿನಲ್ಲಿ ಎಲ್ಲರಿಗೂ ಹೇಳಿದರು. ಮುಂದಿನ ವಾರದಿಂದ ಅವರ ಊಟದ ಡಬ್ಬಿಯ ಚೀಲದಲ್ಲಿ ಬೇರೆಯವರ ವೇಪ್‌ಗಳು ಮನೆಗೆ ಬರತೊಡಗಿದವು. ಕ್ರೇನ್ ನಡೆಸುವವನದು, ಟ್ರಕ್ಕಿನವನದು, ಗೇಟಿನಲ್ಲಿ ಕೂರುವವಳದು. ಕುಮುದಕ್ಕ ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿ, ಕನ್ನಡದಲ್ಲಿ ರೋಗ ಬರೆಯುತ್ತಿದ್ದರು: "ರಿಂಗು ಹರಿದೈತಿ", "ಕಾಯಿಲ್ ತಟ್ಟೆಗೆ ತಾಗತೈತಿ", "ಬಿಸಿಲಿನ ಕಾರಿನಾಗ ಇಟ್ಟಾನ". ಕಾಯಿಲ್ಲನ್ನು ಕೆಂಪಗೆ ಕಾಯಿಸಿ, ಚಿಮಟದಿಂದ ಮೀಟಿ, ಎಲ್ಲ ಸುತ್ತುಗಳೂ ಒಂದೇ ಸಮ ಕೆಂಪಾಗುವವರೆಗೆ ಬಿಡುತ್ತಿರಲಿಲ್ಲ. ಒಂದು ಬ್ಯಾಟರಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದದ್ದನ್ನು ಕಂಡು, ಅದರ ಯಜಮಾನನಿಗೆ ಗಂಡನ ಫೋನಿನಲ್ಲೇ ಬೈದರು: "ಇದು ಕಿಸೆದಾಗ ಬೆಂಕಿ ಹತ್ತತೈತಿ, ತಿಳೀತೇನು?" ಅವನಿಗೆ ಕನ್ನಡ ತಿಳಿಯದಿದ್ದರೂ ಬೈಗುಳ ತಿಳಿಯಿತು. ಹೊಸ ಬ್ಯಾಟರಿ ತಂದ.

ರಬ್ಬರ್ ರಿಂಗುಗಳು ಮುಗಿದುಹೋದಾಗ, ಸ್ಯಾನ್ ಪೀಡ್ರೊದಲ್ಲಿ ಗಂಡನ ಕಚೇರಿಗೆ ಹತ್ತಿರವಿದ್ದ ವೇಪ್ ಅಂಗಡಿಗೆ ಹೋದರು. ಒಬ್ಬರೇ ಹೋಗಲು ಸಂಕೋಚ. ನನ್ನನ್ನೂ ಎಳೆದುಕೊಂಡು ಹೋದರು. ಅಂಗಡಿ ಮಾರಿಸೆಲಾ ಎಂಬ ಮೆಕ್ಸಿಕನ್ ಮೂಲದ ಹೆಂಗಸಿನದು. ಅರವತ್ತು ದಾಟಿದ, ಬೆಳ್ಳಿಕೂದಲನ್ನು ಜಡೆ ಹೆಣೆದುಕೊಂಡ, ಗಟ್ಟಿ ದನಿಯವಳು. ನಾವು ಒಳಹೊಕ್ಕಾಗ ಗಿರಾಕಿಯೊಬ್ಬನ ಸೋರುವ ಟ್ಯಾಂಕಿನೊಂದಿಗೆ ಗುದ್ದಾಡುತ್ತಿದ್ದಳು. ಕುಮುದಕ್ಕ ಎರಡು ನಿಮಿಷ ನೋಡಿದರು. ಆಮೇಲೆ ತಡೆಯಲಾಗಲಿಲ್ಲ.

"ಎಕ್ಸ್‌ಕ್ಯೂಸ್ ಮೀ. ನಾಟ್ ಕಾಯಿಲ್. ರಿಂಗ್," ಎಂದರು.

ಮಾರಿಸೆಲಾ ತಲೆಯೆತ್ತಿ, ಟ್ಯಾಂಕನ್ನು ಇವರ ಕಡೆ ತಳ್ಳಿದಳು. ಕುಮುದಕ್ಕ ಉಗುರಿನಿಂದ ರಿಂಗು ಎಬ್ಬಿಸಿ, ಹೊಸದು ಹಾಕಿ, ಹಿಂದಿರುಗಿಸಿದರು. ಸೋರುವುದು ನಿಂತಿತು. ಗಿರಾಕಿ ಚಪ್ಪಾಳೆ ತಟ್ಟಿದ. ಮಾರಿಸೆಲಾ ರಿಂಗಿನ ಡಬ್ಬಿಯನ್ನೇ ಇವರ ಕೈಗಿಟ್ಟು, "ನೀನು ಯಾರು? ಇಷ್ಟು ದಿನ ಎಲ್ಲಿದ್ದೆ?" ಎಂದು ಕೇಳಿದಳು.

ಮರುವರ್ಷದ ಕೊನೆಗೆ ಹೊಸ ಕಾನೂನು ಬಂದು ಕ್ಯಾಲಿಫೋರ್ನಿಯಾದಲ್ಲಿ ಹಣ್ಣಿನ ಪರಿಮಳದ ಜ್ಯೂಸ್ ಮಾರುವುದು ನಿಂತಿತು. ಮಾರಿಸೆಲಾಳ ಅಂಗಡಿಯ ಅರ್ಧ ಗೋಡೆ ಖಾಲಿಯಾಯಿತು. ಅವಳು ಕುಮುದಕ್ಕನಿಗೆ ಫೋನ್ ಮಾಡಿ, ಆ ಖಾಲಿ ಗೋಡೆಯ ಕೆಳಗೆ ಒಂದು ಮೇಜು ಹಾಕುತ್ತೇನೆ, ಶನಿವಾರ ಬಂದು ಕೂರು, ರಿಪೇರಿ ಕೆಲಸವೆಲ್ಲ ನಿನ್ನದೇ ಎಂದಳು.

ಕುಮುದಕ್ಕ ಮೂರು ದಿನ ಒದ್ದಾಡಿದರು. ನನ್ನೆದುರು ಕೂತು ಮೆಂತ್ಯ ಬಿಡಿಸುತ್ತ, "ಮಂದಿ ಏನಂತಾರ್ರೀ? ಸೇದೋ ಸಾಮಾನಿನ ಅಂಗಡ್ಯಾಗ ಕೂಡೋದಂದ್ರ?" ಎಂದರು.

ಪೊಮೊನಾದಲ್ಲಿ ಇಂಜಿನಿಯರಿಂಗ್ ಓದುವ ವೈಷ್ಣವಿ ರಜೆಗೆ ಬಂದಿದ್ದಳು. ಫ್ರಿಜ್ಜಿಗೆ ಒರಗಿ, "ಅಮ್ಮಾ, ಇಟ್ಸ್ ಲಿಟರಲಿ ಯುವರ್ ಡ್ರೀಮ್ ಜಾಬ್," ಎಂದಳು.

"ನಿನಗೇನ್ ಗೊತ್ತು ನನ್ನ ಡ್ರೀಮು?"

"ಯು ಹಮ್ ವೆನ್ ಯು ಡೂ ಇಟ್."

ಅದು ನಿಜ. ಕಾಯಿಲ್ ಸುತ್ತುವಾಗ ಕುಮುದಕ್ಕ ತಮಗೇ ಗೊತ್ತಿಲ್ಲದೆ ಗುನುಗುತ್ತಿದ್ದರು. ಅವರು ಮೆಂತ್ಯದ ಕಟ್ಟು ಕೆಳಗಿಟ್ಟು ಮಗಳನ್ನೇ ನೋಡಿದರು. ಮರುದಿನ ಮಾರಿಸೆಲಾಗೆ ಬರುತ್ತೇನೆಂದರು. ಆದರೆ ಒಂದು ಷರತ್ತು ಹಾಕಿದರು: ಸಿಗರೇಟು ಬಿಡಲೆಂದು ಬಂದವರ ವೇಪ್ ಮಾತ್ರ ಮುಟ್ಟುವೆ, ಹೊಸದಾಗಿ ಕಲಿಯಲು ಬಂದವರನ್ನು ಬಾಗಿಲಿನಿಂದಲೇ ಕಳಿಸುವೆ. ಜೊತೆಗೆ ಪ್ರತಿಯೊಬ್ಬರನ್ನೂ ಇದನ್ನು ಯಾವಾಗ ಬಿಡುತ್ತೀ ಎಂದು ಕೇಳಿಯೇ ಕೇಳುವೆ. ಮಾರಿಸೆಲಾ ಬಿದ್ದು ಬಿದ್ದು ನಕ್ಕಳು. "ನೀನು ನನ್ನ ಅಂಗಡಿ ಮುಚ್ಚಿಸುತ್ತೀ," ಎಂದಳು. ಆದರೂ ಒಪ್ಪಿದಳು. ಅವಳ ಗಂಡ ಸಿಗರೇಟಿನಿಂದಲೇ ಹೋದವನು ಎಂದು ನಮಗೆ ತಿಳಿದದ್ದು ಎಷ್ಟೋ ತಿಂಗಳ ನಂತರ.

ಮಂದಿ ಏನೆಂದರು ಎಂಬುದು ಮುಂದಿನ ಯುಗಾದಿಯ ಕನ್ನಡ ಕೂಟದಲ್ಲಿ ತಿಳಿಯಿತು. ಊಟದ ಸಾಲಿನಲ್ಲಿ ಕುಮುದಕ್ಕ, ನಾನು ನಿಂತಿದ್ದೆವು. ಟೆಲಿಕಾಂ ಕಂಪನಿಯ ಚಂದ್ರಮೋಹನ್, ಬೆಂಗಳೂರಿನವರು, ರೇಷ್ಮೆ ಜುಬ್ಬಾ ಹಾಕಿಕೊಂಡವರು, ತಟ್ಟೆ ಹಿಡಿದು ನಮ್ಮ ಪಕ್ಕಕ್ಕೆ ಸರಿದರು. ಅತ್ತಿತ್ತ ನೋಡಿ ಪಿಸುಗುಟ್ಟಿದರು.

"ಆಂಟಿ, ಒಂದು ವಿಷಯ. ನಂದು ಸ್ವಲ್ಪ ಲೀಕ್ ಆಗ್ತಿದೆ. ಕಾರಿನ ಸೀಟೆಲ್ಲ ಅಂಟಂಟು. ದಯವಿಟ್ಟು ರೇಖಾಗೆ ಹೇಳ್ಬೇಡಿ, ಅವಳಿಗೆ ನಾನು ಸೇದೋದೇ ಗೊತ್ತಿಲ್ಲ."

ಕುಮುದಕ್ಕನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. "ತಂದು ಕೊಡ್ರಿ, ನೋಡೋಣು," ಎಂದರು. ಚಂದ್ರಮೋಹನ್ ಅತ್ತ ಹೋಗುತ್ತಲೇ ಕುಮುದಕ್ಕ ನನ್ನ ತೋಳು ಚಿವುಟಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಹಿಂದಿನ ಶನಿವಾರವೇ ಅವರ ಹೆಂಡತಿ ರೇಖಾ ಅಂಗಡಿಗೆ ಬಂದಿದ್ದಳಂತೆ. "ಆಂಟಿ, ನಮ್ಮನೆಯವರು ಒಂದು ಕದ್ದು ಇಟ್ಕೊಂಡಿದಾರೆ, ಸೋರಿ ಸೋರಿ ಕಾರು ಹಾಳು. ಅವರೇ ನಿಮ್ಮ ಹತ್ರ ಬರೋ ಹಾಗೆ ಮಾಡ್ತೀನಿ. ಸರಿ ಮಾಡಿ, ಹಾಗೇ ಬಿಡಿಸಿಬಿಡಿ," ಎಂದು ಹೇಳಿಹೋಗಿದ್ದಳಂತೆ. ಆ ಸಂಜೆ ಇನ್ನೂ ಇಬ್ಬರು ಬಂದು ಪಿಸುಗುಟ್ಟಿದರು.

2024ರ ವಸಂತದಲ್ಲಿ ಮಾರಿಸೆಲಾ ಕೇಳದೆಯೇ ಕುಮುದಕ್ಕನ ಹೆಸರನ್ನು ಸ್ಯಾನ್ ಡಿಯಾಗೋದ ಒಂದು ಸ್ಪರ್ಧೆಗೆ ಕೊಟ್ಟುಬಿಟ್ಟಳು. ವೇಪ್ ಕಟ್ಟುವವರ ಸ್ಪರ್ಧೆ. ಸೋರುವ ಟ್ಯಾಂಕೊಂದನ್ನು ಕೊಡುತ್ತಾರೆ, ಅರ್ಧ ಗಂಟೆಯಲ್ಲಿ ಸರಿಮಾಡಬೇಕು, ಆಮೇಲೆ ಅದನ್ನು ಬಿಳಿ ಕಾಗದದ ಮೇಲೆ ಅಡ್ಡ ಮಲಗಿಸಿ ನೋಡುತ್ತಾರೆ. ಕುಮುದಕ್ಕ ಒಲ್ಲೆನೆಂದರು, ಒಪ್ಪಿದರು, ಮತ್ತೆ ಒಲ್ಲೆನೆಂದರು. ಕೊನೆಗೆ ನಾನು ಕಾರು ತೆಗೆದೆ. ಹಿಂದಿನ ಸೀಟಿನಲ್ಲಿ ಬಸವಪ್ರಸಾದ್ ಮತ್ತು ರೊಟ್ಟಿಯ ಬುತ್ತಿ. ಮಾರಿಸೆಲಾ ಬೆಳಗ್ಗೆಯೇ ತನ್ನ ಕಾರಿನಲ್ಲಿ ಹೋಗಿದ್ದಳು.

ಹನ್ನೆರಡು ಮೇಜು, ಹನ್ನೆರಡು ಜನ. ಹೆಚ್ಚಿನವರು ತೋಳು ತುಂಬ ಹಚ್ಚೆ ಹಾಕಿಸಿಕೊಂಡ ಯುವಕರು. ನಡುವೆ ಹಸಿರು ಚೂಡಿದಾರ, ಬಿಳಿ ಶೂ, ಮೂಗಿನ ತುದಿಗೆ ಕನ್ನಡಕದ ಕುಮುದಕ್ಕ. ಗಂಟೆ ಬಾರಿಸಿದ ಕೂಡಲೇ ಹನ್ನೊಂದು ಜನ ಬಿಚ್ಚಲು ಶುರುಮಾಡಿದರು. ಕುಮುದಕ್ಕ ಟಿಶ್ಯೂ ಸೀಳತೊಡಗಿದರು.

ಐದು ನಿಮಿಷ. ಹತ್ತು ನಿಮಿಷ. ಅವರು ಕಾಗದ ಸುತ್ತಿ ಕೈಕಟ್ಟಿ ಕೂತೇ ಇದ್ದರು. "ಗಾಬರಿಯಾದಳೇನೋ," ಎಂದು ಮಾರಿಸೆಲಾ ನನ್ನ ಕೈ ಹಿಂಡಿದಳು. ಬಸವಪ್ರಸಾದ್ ಮಾತ್ರ ಅಲುಗಲಿಲ್ಲ. "ನೋಡಾಕತ್ಯಾಳ. ಸುಮ್ನಿರ್ರಿ," ಎಂದರು.

ಗಾಜಿನ ಕೆಳ ಅಂಚಿನಲ್ಲಿ, ಒಂದೇ ಕಡೆ, ಕಾಗದ ಒದ್ದೆಯಾಗಿತ್ತು. ಕುಮುದಕ್ಕ ಗಾಜನ್ನಷ್ಟೇ ಅರ್ಧ ಸುತ್ತು ತಿರುಗಿಸಿ, ಹೊಸ ಕಾಗದ ಸುತ್ತಿ ಮತ್ತೆ ಕಾದರು. ಒದ್ದೆಯ ಗುರುತು ಗಾಜಿನ ಜೊತೆಗೇ ತಿರುಗಿ ಆಚೆ ಬದಿಗೆ ಹೋಯಿತು. ದೋಷ ರಿಂಗಿನದಾಗಿದ್ದರೆ ಗುರುತು ಇದ್ದಲ್ಲೇ ಇರಬೇಕಿತ್ತು. ಅವರು ಎದ್ದು, ಗಾಜನ್ನು ಕಳಚಿಕೊಂಡು ನೇರ ತೀರ್ಪುಗಾರರ ಮೇಜಿಗೆ ನಡೆದರು.

"ಗ್ಲಾಸ್ ಈಸ್ ಬ್ರೋಕನ್. ಗಿವ್ ಮೀ ಅನದರ್ ಗ್ಲಾಸ್."

ಗಡ್ಡದ ತೀರ್ಪುಗಾರ ಗಾಜನ್ನು ದೀಪಕ್ಕೆ ಹಿಡಿದ. ರಿಂಗಿನ ಅಡಿಯಲ್ಲಿ ಮರೆಯಾಗುವಂತೆ ಕೂದಲೆಳೆಯ ಬಿರುಕು. ಅವನು ನಗುತ್ತ ಮೇಜಿನ ಕೆಳಗಿನಿಂದ ಒಂದು ಪೆಟ್ಟಿಗೆ ಎತ್ತಿಟ್ಟ. ಅದರಲ್ಲಿ ಹನ್ನೆರಡು ಹೊಸ ಗಾಜುಗಳಿದ್ದವು. ಎಲ್ಲರಿಗೂ ಇಂಥ ಬಿರುಕಿನ ಗಾಜನ್ನೇ ಬೇಕೆಂದೇ ಕೊಟ್ಟಿದ್ದರು; ಕೇಳಿದವರಿಗೆ ಹೊಸದು ಕೊಡುವುದು, ಅದೇ ಪರೀಕ್ಷೆ. ಆಗ ಒಮ್ಮೆಲೇ ಎಲ್ಲರೂ ಪೆಟ್ಟಿಗೆಯತ್ತ ಓಡಿದರು. ಆದರೆ ಅಷ್ಟರಲ್ಲಿ ಅವರ ಹತ್ತಿ, ತಂತಿ, ತಿರುಪುಗಳೆಲ್ಲ ಮೇಜಿನ ತುಂಬ ಚೆಲ್ಲಾಡಿಹೋಗಿದ್ದವು. ಕುಮುದಕ್ಕನ ಟ್ಯಾಂಕಿನಲ್ಲಿ ಎಲ್ಲವೂ ಇದ್ದಲ್ಲೇ ಇತ್ತು. ಹೊಸ ಗಾಜು ಕೂರಿಸಿ, ಗಾಳಿಯ ತೂತು ಮುಚ್ಚಿ ಜ್ಯೂಸ್ ತುಂಬಿ, ಗುನುಗುತ್ತ ಕೂತರು.

ಹನ್ನೆರಡು ಕಾಗದಗಳಲ್ಲಿ ಒಂದು ಚುಕ್ಕೆಯೂ ಇಲ್ಲದ್ದು ಅವರದೊಂದೇ. ಮಾರಿಸೆಲಾ ಅವರನ್ನು ನೆಲದಿಂದ ಎತ್ತಿಬಿಟ್ಟಳು. ಹಚ್ಚೆಯ ಯುವಕರು ಮುತ್ತಿಕೊಂಡು, ಆ ಕಾಗದದ ಉಪಾಯ ಹೇಳಿಕೊಡಿ ಎಂದು ಪಾರ್ಕಿಂಗ್ ಲಾಟಿನವರೆಗೂ ಹಿಂದೆ ಬಂದರು. ಅಲ್ಲಿ ಕಾರಿನ ಬಾನೆಟ್ಟಿನ ಮೇಲೆ ಅರ್ಧ ಗಂಟೆ ಪಾಠವಾಯಿತು. ಪಾಠದ ಕೊನೆಗೆ ಪ್ರತಿಯೊಬ್ಬನಿಗೂ ಅದೇ ಪ್ರಶ್ನೆ: "ವೆನ್ ಯು ಆರ್ ಸ್ಟಾಪಿಂಗ್?"

ವಾಪಸು ಬರುವಾಗ ಓಷನ್‌ಸೈಡ್‌ನಲ್ಲಿ ಇಳಿದು, ಸಮುದ್ರದೊಳಕ್ಕೆ ಚಾಚಿದ ಮರದ ಸೇತುವೆಯ ಮೇಲೆ ಬೆಂಚು ಹಿಡಿದು ಕೂತೆವು. ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಗೆದ್ದ ಬಹುಮಾನದ ಕಪ್ ಬಸವಪ್ರಸಾದರ ತೊಡೆಯ ಮೇಲೆ. ಕುಮುದಕ್ಕ ಹೇಳಿದ್ದನ್ನೇ ಹೇಳುತ್ತಿದ್ದರು, ನಾವು ಕೇಳಿದ್ದನ್ನೇ ಕೇಳುತ್ತಿದ್ದೆವು. ನಡುವೆ ಅವರು ತಟ್ಟನೆ ಮಾತು ನಿಲ್ಲಿಸಿ ಗಂಡನ ಅಂಗಿಯ ಜೇಬು ನೋಡಿದರು.

"ನಿಮ್ದೆಲ್ಲಿ? ಸ್ಯಾನ್ ಡಿಯಾಗೋದಾಗ ಬಿಟ್ಟು ಬಂದ್ರೇನು?"

"ಮನ್ಯಾಗೈತಿ."

"ಯಾಕ?"

ಬಸವಪ್ರಸಾದ್ ರೊಟ್ಟಿ ಮುರಿಯುತ್ತ, ಏನೂ ದೊಡ್ಡದಲ್ಲವೆಂಬಂತೆ, "ಹನ್ನೊಂದು ದಿನ ಆತು, ಮುಟ್ಟಿಲ್ಲ," ಎಂದರು.

ಆ ಮೂರು ವರ್ಷ ಕುಮುದಕ್ಕ ಅವರ ಜ್ಯೂಸಿನ ನಿಕೋಟಿನ್ ಅಂಶವನ್ನು ಹನ್ನೆರಡು ಮಿಲಿಗ್ರಾಂನಿಂದ ಆರಕ್ಕೆ, ಆರರಿಂದ ಮೂರಕ್ಕೆ ಇಳಿಸುತ್ತ ಬಂದಿದ್ದರು. ಹಿಂದಿನ ಚಳಿಗಾಲದಲ್ಲಿ ಸೊನ್ನೆಗೆ ತಂದಿದ್ದರು. ಕೈಗೆ, ಬಾಯಿಗೆ ಅಂಟಿದ ಅಭ್ಯಾಸ ಮಾತ್ರ ಉಳಿದಿತ್ತು.

"ಹನ್ನೊಂದು ದಿನ! ನನಗೊಂದು ಮಾತು ಹೇಳಬೇಕನಿಸಲಿಲ್ಲೇನ್ರಿ?"

"ಹೇಳಿದ್ರ ನೀ ಕಾಯಾಕ ಕೂಡತಿದ್ದಿ. ನಾ ಹೆದರಿ ಮತ್ತ ಶುರು ಮಾಡತಿದ್ದೆ."

ಕುಮುದಕ್ಕ ಅವರ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಆಮೇಲೆ ಅದೇ ಬೆನ್ನಿಗೆ ತಲೆ ಆನಿಸಿಕೊಂಡರು. ನಾನು ಸಮುದ್ರ ನೋಡಿದೆ. ಅಷ್ಟರಲ್ಲಿ ವೈಷ್ಣವಿಯ ಫೋನು ಬಂತು.

"ಅಮ್ಮಾ! ಡಿಡ್ ಯು ವಿನ್?"

"ಗೆದ್ದೆ. ಅದನ್ನ ಬಿಡ, ಕೇಳಿಲ್ಲಿ. ನಿಮ್ಮಪ್ಪ ಹನ್ನೊಂದು ದಿನದಿಂದ ಸೇದಿಲ್ಲ!"

ಫೋನಿನಿಂದ ಹೊರಟ ಕಿರುಚಾಟಕ್ಕೆ ಪಕ್ಕದ ಬೆಂಚಿನಲ್ಲಿ ಮೀನು ಹಿಡಿಯುತ್ತಿದ್ದ ಮುದುಕ ತಿರುಗಿ ನೋಡಿದ. ಕುಮುದಕ್ಕ ಅವನಿಗೂ ಒಂದು ರೊಟ್ಟಿ ಕೊಟ್ಟರು.

ಈಗ ಅವರು ವಾರದಲ್ಲಿ ಮೂರು ದಿನ ಸ್ಯಾನ್ ಪೀಡ್ರೊಗೆ ಹೋಗುತ್ತಾರೆ, ಬೆಳಗ್ಗೆ ಗಂಡನ ಕಾರಿನಲ್ಲೇ. ಬಸವಪ್ರಸಾದ್ ಮತ್ತೆ ಮುಟ್ಟಿಲ್ಲ. ಚಂದ್ರಮೋಹನ್ ಎರಡು ಸಲ ಬಿಟ್ಟು, ಎರಡು ಸಲ ಹಿಡಿದು, ಈಗ ಮೂರನೆಯ ಸಲ ಬಿಟ್ಟಿದ್ದಾರೆ. ಗಿರಾಕಿಗಳು ಹೀಗೆ ಒಬ್ಬೊಬ್ಬರೇ ಕಡಿಮೆಯಾಗುತ್ತಿದ್ದಾರೆ ಎಂದು ಮಾರಿಸೆಲಾ ಗೊಣಗುತ್ತಾಳೆ. ಹೋದ ತಿಂಗಳು ಅವಳೇ ಆ ಖಾಲಿ ಗೋಡೆಯ ಕೆಳಗೆ ಎರಡನೆಯ ಮೇಜು ಹಾಕಿಸಿ, ಫ್ಯಾನು, ಮಿಕ್ಸರು, ಹೊಲಿಗೆ ಯಂತ್ರದ ಮೋಟರು ರಿಪೇರಿ ಮಾಡಿಕೊಡುತ್ತೇವೆಂದು ಬೋರ್ಡು ಬರೆಸಿದಳು. ಮೊದಲ ದಿನವೇ ನಾಲ್ಕು ಫ್ಯಾನು ಬಂದವಂತೆ. ಕುಮುದಕ್ಕ ಅವತ್ತು ಮನೆಗೆ ಬರುವಾಗ ಕೈಯೆಲ್ಲ ಗ್ರೀಸು, ಮುಖದ ತುಂಬ ನಗು.